ಎಲ್ಲ ಉತ್ತರವೂ ಗುಡಿಸಿನಲ್ಲೇ ಮುಗಿಯುವ ಇತಿಹಾಸ ಕ್ವಿಜ್ ಮಾಡುವುದು ಹೇಗೆ?

ನವೆಂಬರ್ ಬಂತೆಂದರೆ ನಮ್ಮ ವಿಜಯಪುರದಲ್ಲಿ ಶಾಲೆ, ಕಾಲೇಜು, ಓಣಿಯ ಯುವಕ ಮಂಡಳ ಅಂತ ಎಲ್ಲ ಕಡೆ ಒಂದು ಇತಿಹಾಸ ಕ್ವಿಜ್ ಇದ್ದೇ ಇರುತ್ತದೆ. ಪ್ರಶ್ನೆಗಳು ಮಾತ್ರ ಅವೇ. ಗೋಲಗುಂಬಜ ಯಾರ ಸಮಾಧಿ? ಐಹೊಳೆ ಶಾಸನ ಬರೆದವರು ಯಾರು? ಕಿತ್ತೂರಿನ ಯುದ್ಧ ಯಾವ ವರ್ಷ? ಪ್ರಶ್ನೆ ಪೂರ್ತಿ ಓದುವ ಮೊದಲೇ ಹುಡುಗರು ಉತ್ತರ ಕೂಗುತ್ತಾರೆ, ಯಾಕೆಂದರೆ ಅದು ಬಾಯಿಪಾಠ ಆಗಿರುತ್ತದೆ. ಅದೇ ಹುಡುಗನನ್ನು "ಆ ಶಾಸನದಾಗ ಏನೈತಪ್ಪಾ?" ಅಂತ ಕೇಳಿ ನೋಡಿ, ಸುಮ್ನೆ ನಿಂತುಬಿಡುತ್ತಾನೆ. ಅದು ಅವನ ತಪ್ಪಲ್ಲ, ಪ್ರಶ್ನೆ ಮಾಡಿದವರ ತಪ್ಪು.

ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಉಪಾಯ ಇದೆ. ಇಡೀ ಕ್ವಿಜ್‌ನ ಎಲ್ಲ ಉತ್ತರಗಳೂ ಒಂದೇ ಅಕ್ಷರದಲ್ಲಿ ಮುಗಿಯಬೇಕು. ಆ ಅಕ್ಷರ ಯಾವುದು ಅಂತ ಶುರುವಿಗೇ ಎಲ್ಲರಿಗೂ ಹೇಳಿಬಿಡಬೇಕು. ಇಷ್ಟು ಮಾಡಿದರೆ ಪೂರ್ತಿ ಗೊತ್ತಿಲ್ಲದ ಮಗು ಕೂಡ ಯೋಚನೆ ಮಾಡಲು ಶುರು ಮಾಡುತ್ತದೆ: "ಚಾಲುಕ್ಯರ ಊರು, ಐಹೊಳೆ ಇರಬಹುದಾ? ಇಲ್ಲ, ಅಕ್ಷರ ಹೊಂದುವುದಿಲ್ಲ. ಪಟ್ಟದಕಲ್ಲು? ಅದೂ ಇಲ್ಲ. ಹಾಗಾದ್ರೆ..." ಈ "ಹಾಗಾದ್ರೆ" ಇದೆಯಲ್ಲ, ಅದಕ್ಕೋಸ್ಕರವೇ ಇಷ್ಟೆಲ್ಲ ಕಷ್ಟಪಡುವುದು. ಆದರೆ ಒಂದು ಷರತ್ತು. ಅಕ್ಷರ ತಾನೇ ಉತ್ತರ ಹೇಳಿಕೊಡಬಾರದು. ವಿಷಯ ಗೊತ್ತಿದ್ದವರು ಉತ್ತರದ ಹತ್ತಿರ ಬಂದಾಗ "ಹೌದು, ಇದೇ" ಅಂತ ಖಾತ್ರಿ ಮಾಡಿಕೊಳ್ಳಲು ಅದು ನೆರವಾಗಬೇಕು, ಅಷ್ಟೇ. ಕೆಳಗೆ ಹೇಳುವ ಎಲ್ಲ ಹಂತಗಳೂ ಈ ಒಂದು ಷರತ್ತಿಗಾಗಿಯೇ.

ಮೊದಲನೇ ಹಂತ: ಅಕ್ಷರ ಆರಿಸುವುದು

ಬಹಳ ಜನರಿಗೆ ಮೊದಲು ಹೊಳೆಯುವುದು "ಮ್ಮ". ಕಿತ್ತೂರು ಚೆನ್ನಮ್ಮ, ಬೆಳವಡಿ ಮಲ್ಲಮ್ಮ, ಆಮೇಲೆ? ಪಟ್ಟಿ ಅಲ್ಲಿಗೇ ಸೊರಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ "ಮ್ಮ" ಅಂದ ತಕ್ಷಣ ಉತ್ತರ ಒಬ್ಬ ಹೆಣ್ಣುಮಗಳ ಹೆಸರು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. "ಪ್ಪ", "ಣ್ಣ" ತೆಗೆದುಕೊಂಡರೂ ಅದೇ ಕಥೆ: ಅಮಟೂರು ಬಾಳಪ್ಪ, ಸಂಗೊಳ್ಳಿ ರಾಯಣ್ಣ, ಬಸವಣ್ಣ. "ರ" ತೆಗೆದುಕೊಂಡರೆ ಉತ್ತರ ಎಲ್ಲ ಯಾವುದಾದರೂ ಪುರ ಆಗಿಬಿಡುತ್ತದೆ. "ಲ್" ತೆಗೆದುಕೊಂಡರೆ ಗಗನ್ ಮಹಲ್, ಆಸಾರ್ ಮಹಲ್ ಅಂತ ಬರೀ ಮಹಲುಗಳ ಸಾಲು. ಊರು, ಮನುಷ್ಯ, ಬಿರುದು, ವಸ್ತು, ಛಂದಸ್ಸು ಎಲ್ಲವೂ ಬರುವಂಥ ಕೊನೆ ನಮಗೆ ಬೇಕು.

ನನ್ನ ಸಲಹೆ: ಒಂದು ವ್ಯಂಜನ ಹಿಡಿಯಬೇಡಿ, ಗುಡಿಸು ಹಿಡಿಯಿರಿ. ಒಂದನೇ ಕ್ಲಾಸಿನಲ್ಲಿ ಕಾಗುಣಿತ ಹೇಳುವಾಗ "ಕ ಗುಡಿಸು ಕಿ" ಅಂತೇವಲ್ಲ, ಅದೇ ಗುಡಿಸು. ಕೊನೆಯಲ್ಲಿ ಮಿ ಬರಲಿ, ತಿ ಬರಲಿ, ಡಿ ಬರಲಿ, ಒತ್ತು ಇರುವ ಟ್ಟಿ, ತ್ತಿ ಬರಲಿ, ಗುಡಿಸು ಇದ್ದರೆ ಸಾಕು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ನೀವೇ ನೋಡಿ: ಬಾದಾಮಿ, ವಾತಾಪಿ, ಪುಲಕೇಶಿ, ರವಿಕೀರ್ತಿ, ಮೇಗುತಿ, ತ್ರಿಪದಿ, ಬನಶಂಕರಿ, ಜಮಖಂಡಿ, ಹಲಗಲಿ, ಬಾಗೇವಾಡಿ, ಚಾಂದ್ ಬೀಬಿ, ತಾಜ್ ಬಾವಡಿ, ಹಳಕಟ್ಟಿ, ಆಲಮಟ್ಟಿ, ಕಾಕತಿ, ಸವದತ್ತಿ, ಹಲಸಿ, ಸಂಗೊಳ್ಳಿ, ಬೆಳವಡಿ, ಬೆಳಗಾವಿ. ಸಾವಿರದೈನೂರು ವರ್ಷದ ಇತಿಹಾಸ ಒಂದು ಗುಡಿಸಿನ ಕೆಳಗೆ ಬಂದು ಕೂತಿದೆ, ಅಲ್ವಾ?

ಎರಡನೇ ಹಂತ: ಜಗಳ ಬರುವ ಮೊದಲೇ ನಿಯಮ

ಇದನ್ನು ಬಿಟ್ಟರೆ ಕ್ವಿಜ್ ಅರ್ಧಕ್ಕೆ ನಿಂತು ವಾದ ಶುರುವಾಗುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಒಂದು ವಿಶೇಷ ಇದೆ. ಬರೆಯುವಾಗ ಐಹೊಳೆ, ಬಾಗಲಕೋಟೆ, ತಾಳಿಕೋಟೆ. ಮಾತಾಡುವಾಗ ಐಹೊಳಿ, ಬಾಗಲಕೋಟಿ, ತಾಳಿಕೋಟಿ. ಮನೆಗೆ ಮನಿ, ಶಾಲೆಗೆ ಸಾಲಿ ಅನ್ನುವ ಮಕ್ಕಳು ಇವರು. "ಸರ್, ಐಹೊಳಿ ಅಂತೀವಲ್ರೀ, ಗುಡಿಸು ಐತಲ್ರೀ" ಅಂತ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಅವರ ಮಾತು ತಪ್ಪು ಅನ್ನಬೇಡಿ, ಆ ಮಾತು ಚೆನ್ನಾಗಿಯೇ ಇದೆ. ಪಠ್ಯಪುಸ್ತಕದಲ್ಲಿ ಹೇಗೆ ಬರೆದಿದೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ ಅಂತ ಮೊದಲೇ ಹೇಳಿಬಿಡಿ.

ಇನ್ನೊಂದು ಸೂಕ್ಷ್ಮ ಇದೆ. "ಎಲ್ಲಿ?" ಅಂತ ಕೇಳಿದರೆ ಮಗು "ಕಿತ್ತೂರಿನಲ್ಲಿ" ಅನ್ನುತ್ತದೆ. ಕೊನೆಯಲ್ಲಿ ಲ್ಲಿ, ಅಂದರೆ ಗುಡಿಸು! ಈ ದಾರಿ ಬಿಟ್ಟರೆ ಜಗತ್ತಿನ ಎಲ್ಲ ಊರೂ ಗುಡಿಸಿನಲ್ಲೇ ಮುಗಿಯುತ್ತದೆ. ಹಾಗಾಗಿ ವಿಭಕ್ತಿ ಸೇರಿಸುವಂತಿಲ್ಲ, ಬರೀ ಹೆಸರು ಮಾತ್ರ. ನೀವೂ ಪ್ರಶ್ನೆಯಲ್ಲಿ "ಎಲ್ಲಿ" ಬಿಟ್ಟು "ಯಾವ ಊರು" ಅಂತಲೇ ಬರೆಯಿರಿ.

ಹಾಗೆಯೇ ಹೆಸರಿನ ಮುಂದೆ ಅಂಟಿಸುವ ರಾಣಿ, ಸ್ವಾಮಿ ಇವು ಲೆಕ್ಕಕ್ಕಿಲ್ಲ. ಚೆನ್ನಮ್ಮನ ಬದಲು "ಕಿತ್ತೂರು ರಾಣಿ" ಅಂತ ಬರೆದು ಅಂಕ ಕೇಳುವ ಜಾಣರು ಇರುತ್ತಾರೆ. ಚಾಲುಕ್ಯರ ರಾಣಿ ಲೋಕಮಹಾದೇವಿಯ ಹಾಗೆ ಹೆಸರೇ ಹಾಗಿದ್ದರೆ ಸರಿ.

ಮೂರನೇ ಹಂತ: ಉತ್ತರ ಮೊದಲು, ಪ್ರಶ್ನೆ ಆಮೇಲೆ

ಸಾಮಾನ್ಯ ಕ್ವಿಜ್‌ನಲ್ಲಿ ಪ್ರಶ್ನೆ ಹುಡುಕುತ್ತೇವೆ. ಇಲ್ಲಿ ಉತ್ತರ ಹುಡುಕಬೇಕು. ಒಂದು ನೋಟ್‌ಬುಕ್ ಇಟ್ಟುಕೊಂಡು ಗುಡಿಸಿನ ಹೆಸರು ಕಂಡಾಗಲೆಲ್ಲ ಬರೆಯುತ್ತ ಹೋಗಿ. ಪಠ್ಯಪುಸ್ತಕ, ಜಿಲ್ಲಾ ಗ್ಯಾಸೆಟಿಯರ್, ಸ್ಮಾರಕಗಳ ಮುಂದೆ ಪುರಾತತ್ವ ಇಲಾಖೆ ಹಾಕಿರುವ ಫಲಕ, ಬಾದಾಮಿಯ ಮತ್ತು ಗೋಲಗುಂಬಜದ ಆವರಣದ ಮ್ಯೂಸಿಯಂ, ಎಲ್ಲ ಕಡೆ ಸಿಗುತ್ತವೆ. ಊರು, ಮನುಷ್ಯರು, ಉಳಿದದ್ದು ಅಂತ ಮೂರು ಭಾಗ ಮಾಡಿಕೊಳ್ಳಿ. ಊರುಗಳ ಭಾಗ ತಾನಾಗೇ ತುಂಬುತ್ತದೆ. "ಉಳಿದದ್ದು" ಅನ್ನುವ ಭಾಗಕ್ಕೇ ಜಾಸ್ತಿ ಕಷ್ಟಪಡಿ, ಯಾಕೆಂದರೆ ಕ್ವಿಜ್‌ಗೆ ರುಚಿ ಬರುವುದು ಅಲ್ಲಿಂದ.

ಆ ಭಾಗಕ್ಕೆ ಒಂದು ಉದಾಹರಣೆ. ಮುಧೋಳದ ಕಡೆಯ ಕವಿ ರನ್ನ. ಅವನ ಹೆಸರು ಗುಡಿಸಿನದಲ್ಲ, ಊರೂ ಅಲ್ಲ. ಆದರೆ ಚಾಲುಕ್ಯರ ಆಸ್ಥಾನದಲ್ಲಿ ಅವನಿಗೆ ಸಿಕ್ಕ ಬಿರುದು? ಕವಿಚಕ್ರವರ್ತಿ. 993ರಲ್ಲಿ ಅವನು ಅಜಿತಪುರಾಣ ಬರೆಯಲು ಆಸರೆಯಾದ ಅತ್ತಿಮಬ್ಬೆಯ ಬಿರುದು? ದಾನಚಿಂತಾಮಣಿ. ಒಬ್ಬ ಕವಿಯನ್ನು ಹಿಡಿದು ಹೊರಟರೆ ಎರಡು ಉತ್ತರ, ಮೇಲಾಗಿ ಬರೆದವನ ಜೊತೆಗೆ ಬರೆಸಿದವಳ ಹೆಸರೂ ಮಕ್ಕಳ ತಲೆಯಲ್ಲಿ ಉಳಿಯುತ್ತದೆ.

ಗುಡಿಸು ಸಿಕ್ಕಿತು ಅಂತ ಏನೇನೋ ತುರುಕಬೇಡಿ. ಗ್ಯಾಲರಿ, ಸೆಂಚುರಿ, ಮಿಲಿಟರಿ ಇವೂ ಗುಡಿಸಿನವೇ. ಅವನ್ನು ಉತ್ತರ ಮಾಡಿದರೆ ಅದು ಇತಿಹಾಸದ ಕ್ವಿಜ್ ಆಗಿ ಉಳಿಯುವುದಿಲ್ಲ.

ನಾಲ್ಕನೇ ಹಂತ: ಪ್ರಶ್ನೆ ಕಟ್ಟುವುದು

ಇದು ಎಲ್ಲಕ್ಕಿಂತ ಮುಖ್ಯ ಕೆಲಸ. ಒಂದೇ ಶಾಸನ ತೆಗೆದುಕೊಂಡು ತೋರಿಸುತ್ತೇನೆ.

ಐಹೊಳೆಯಲ್ಲಿ ದುರ್ಗದ ಗುಡಿ ನೋಡಿ ಎಲ್ಲರೂ ವಾಪಸ್ ಬರುತ್ತಾರೆ. ಗುಡ್ಡ ಹತ್ತುವವರು ಕಡಿಮೆ. ಗುಡ್ಡದ ಮೇಲೆ ಒಂದು ಜೈನ ಬಸದಿ ಇದೆ, ಅದರ ಗೋಡೆಯ ಮೇಲೆ ಸಂಸ್ಕೃತದ ಶಾಸನ ಇದೆ. ಅದರಲ್ಲಿ ಶಕ ವರ್ಷ 556 ಅಂತ ಕೊಟ್ಟಿದೆ. ಶಕ ವರ್ಷಕ್ಕೆ 78 ಕೂಡಿಸಿದರೆ ನಮ್ಮ ಈಗಿನ ಲೆಕ್ಕ ಸಿಗುತ್ತದೆ, ಅಂದರೆ 634–35. ರಾಜ ಇಮ್ಮಡಿ ಪುಲಕೇಶಿ. ಉತ್ತರದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದವನು. ಶಾಸನ ಬರೆದ ಕವಿ ಅಷ್ಟಕ್ಕೇ ಸುಮ್ಮನಾಗದೆ, ಕವಿತೆಯಲ್ಲಿ ತನಗೆ ಕಾಳಿದಾಸ ಮತ್ತು ಭಾರವಿಯ ಕೀರ್ತಿ ಸಿಕ್ಕಿದೆ ಅಂತ ಹೇಳಿಕೊಂಡಿದ್ದಾನೆ. ಈ ಒಂದು ಮಾತಿನಿಂದ ದೇಶಕ್ಕೇ ಉಪಕಾರ ಆಯಿತು. ಕಾಳಿದಾಸನ ಕಾಲ ಯಾವುದು ಅಂತ ವಿದ್ವಾಂಸರು ಎಷ್ಟೇ ವಾದ ಮಾಡಲಿ, 634ಕ್ಕಿಂತ ಮೊದಲು ಅನ್ನುವುದಂತೂ ನಮ್ಮ ಬಾಗಲಕೋಟೆ ಜಿಲ್ಲೆಯ ಈ ಗೋಡೆಯಿಂದಲೇ ಗಟ್ಟಿಯಾಯಿತು.

ಈಗ ಇದರಲ್ಲಿ ಗುಡಿಸಿನ ಉತ್ತರ ಎಷ್ಟಿವೆ ಎಣಿಸಿ. ಬಸದಿಯ ಹೆಸರು ಮೇಗುತಿ. ರಾಜ ಪುಲಕೇಶಿ. ಕವಿ ರವಿಕೀರ್ತಿ. ಕಾಳಿದಾಸನ ಪಕ್ಕದ ಹೆಸರು ಭಾರವಿ. ನಾಲ್ಕು! ಪ್ರಶ್ನೆ ಹೀಗೆ ಕಟ್ಟಬಹುದು:

"ಐಹೊಳೆಯ ಗುಡ್ಡದ ಮೇಲಿನ ಬಸದಿಯ ಗೋಡೆಯಲ್ಲಿ ಒಬ್ಬ ಕವಿ ತನ್ನನ್ನು ಇಬ್ಬರು ದೊಡ್ಡ ಕವಿಗಳಿಗೆ ಹೋಲಿಸಿಕೊಂಡಿದ್ದಾನೆ. ಒಬ್ಬ ಕಾಳಿದಾಸ. ಇನ್ನೊಬ್ಬ ಯಾರು?"

ಇಲ್ಲಿ ಬಾಯಿಪಾಠದ ಹುಡುಗ ತಟ್ಟನೆ "ರವಿಕೀರ್ತಿ" ಅನ್ನುತ್ತಾನೆ. ಗುಡಿಸು ಇದೆ, ಆದರೂ ತಪ್ಪು. ಕಿವಿಗೊಟ್ಟು ಕೇಳಿದವನು ಭಾರವಿಯ ಹತ್ತಿರ ಬರುತ್ತಾನೆ. ಅಕ್ಷರ ಗೊತ್ತಿದ್ದೂ ಉತ್ತರಕ್ಕೆ ವಿಷಯ ಗೊತ್ತಿರಲೇಬೇಕು ಅನ್ನುವುದಕ್ಕೆ ಇದು ನನಗೆ ಬಹಳ ಹಿಡಿಸಿದ ಪ್ರಶ್ನೆ. ಆದರೆ ಒಂದು ಎಚ್ಚರ: ಇದೇ ಕ್ವಿಜ್‌ನ ಇನ್ನೊಂದು ಪ್ರಶ್ನೆಯ ಮಾತಿನಲ್ಲಿ ಭಾರವಿ ಅಂತ ಬಂದುಬಿಟ್ಟರೆ ಉತ್ತರ ಪುಕ್ಕಟೆ ಸಿಕ್ಕ ಹಾಗೆ. ಹಾಗಾಗಿ ಬರೆದಾದ ಮೇಲೆ ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ಓದಿ, ಒಂದರ ಉತ್ತರ ಇನ್ನೊಂದರಲ್ಲಿ ಇಣುಕುತ್ತಿದೆಯಾ ಅಂತ ನೋಡಿ.

ಇನ್ನು ಮಾತಿನ ಖಚಿತತೆ. "642ರಲ್ಲಿ ಪಲ್ಲವ ನರಸಿಂಹವರ್ಮ ಗೆದ್ದ ಊರು ಯಾವುದು?" ಅಂದರೆ ಬಾದಾಮಿ ಅಂದರೂ ಸರಿ, ವಾತಾಪಿ ಅಂದರೂ ಸರಿ, ಎರಡೂ ಗುಡಿಸಿನವೇ. ಅದರ ಬದಲು ಹೀಗೆ ಕೇಳಿ: "ಚಾಲುಕ್ಯರ ರಾಜಧಾನಿಯನ್ನು ಗೆದ್ದ ಪಲ್ಲವ ನರಸಿಂಹವರ್ಮ ಆ ಊರಿನ ಹೆಸರನ್ನೇ ತನ್ನ ಬಿರುದಿಗೆ ಸೇರಿಸಿಕೊಂಡ. ಆ ಬಿರುದಿನಲ್ಲಿರುವ ಊರಿನ ಹೆಸರು ಏನು?" ಈಗ ವಾತಾಪಿ ಒಂದೇ ಉತ್ತರ.

ಇದರ ಬೆನ್ನಿಗೇ ಕೇಳಬೇಕಾದದ್ದು: "ನೂರು ವರ್ಷದ ಹತ್ತಿರ ಆದ ಮೇಲೆ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ರಾಜಧಾನಿಯನ್ನು ಗೆದ್ದ. ಆದರೆ ಊರನ್ನು ಸುಡಲಿಲ್ಲ, ದೇವಸ್ಥಾನದ ಸಂಪತ್ತನ್ನು ದೇವಸ್ಥಾನಕ್ಕೇ ಬಿಟ್ಟುಕೊಟ್ಟ, ಅದನ್ನು ಅಲ್ಲಿನ ಕೈಲಾಸನಾಥ ದೇವಸ್ಥಾನದಲ್ಲಿ ಕನ್ನಡದಲ್ಲೇ ಬರೆಸಿದ. ಯಾವ ಊರು?" ಕಂಚಿ. ಈ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಈಗ ವಿರೂಪಾಕ್ಷ ಅಂತ ಕರೆಯುವ ಗುಡಿಯನ್ನು ಕಟ್ಟಿಸಿದ ರಾಣಿ? ಲೋಕಮಹಾದೇವಿ. ಪ್ರಶ್ನೆಗಳನ್ನು ಹೀಗೆ ಒಂದರ ಹಿಂದೆ ಒಂದು ಇಟ್ಟರೆ, ಕೂತು ಕೇಳುವ ಅಪ್ಪ ಅವ್ವನಿಗೂ ಒಂದು ಕಥೆ ಕೇಳಿದ ಹಾಗಾಗುತ್ತದೆ.

ಬಾದಾಮಿಯಿಂದ ಇನ್ನೊಂದು. "ಸುಮಾರು 700ರ ಕಾಲದ ಕಪ್ಪೆ ಅರಭಟ್ಟನ ಶಾಸನದಲ್ಲಿ 'ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ' ಅಂತ ಬರುತ್ತದೆ. ಅದೇ ಛಂದಸ್ಸಿನಲ್ಲಿ ಸರ್ವಜ್ಞ ಹಾಡಿದ, ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಕೂತು ಹಾಡಿದರು. ಯಾವ ಛಂದಸ್ಸು?" ತ್ರಿಪದಿ. ಶಾಸನ ಗೊತ್ತಿಲ್ಲದ ಮಗುವಿಗೂ ಸರ್ವಜ್ಞನ ಕಡೆಯಿಂದ ದಾರಿ ಇದೆ. ಒಂದು ಪ್ರಶ್ನೆಗೆ ಹೀಗೆ ಎರಡು ಬಾಗಿಲು ಇಟ್ಟರೆ ಹಳ್ಳಿ ಶಾಲೆಯ ಮಕ್ಕಳೂ ಸಿಟಿ ಶಾಲೆಯವರ ಸಮಕ್ಕೆ ಆಡುತ್ತಾರೆ.

ವಿಜಯಪುರದ ಪ್ರಶ್ನೆಗಳು

ಆದಿಲ್‌ಶಾಹಿ ಕಾಲದ ಪ್ರಶ್ನೆ ಅಂದರೆ ಗೋಲಗುಂಬಜದ ಅಳತೆ ಕೇಳಿ ಬಿಡುವುದು ಜಾಸ್ತಿ. ಮನುಷ್ಯರ ಬಗ್ಗೆ ಕೇಳಿ. "ಅಹ್ಮದ್‌ನಗರದ ನಿಜಾಮಶಾಹಿ ಮನೆತನದ ಮಗಳು, ವಿಜಯಪುರದ ಸೊಸೆ. ಗಂಡ ಒಂದನೇ ಅಲಿ ಆದಿಲ್ ಶಾಹ 1580ರಲ್ಲಿ ಸತ್ತ ಮೇಲೆ ಚಿಕ್ಕ ಹುಡುಗ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿಕೊಂಡಳು. ಮುಂದೆ ತವರಿಗೆ ಹೋಗಿ ಮೊಘಲರ ಸೈನ್ಯದ ಎದುರು ಕೋಟೆ ಕಾದಳು. ಯಾರು?" ಚಾಂದ್ ಬೀಬಿ. ಆ ಚಿಕ್ಕ ಹುಡುಗನೇ ಮುಂದೆ ಸಂಗೀತ, ಕಾವ್ಯಕ್ಕೆ ಹೆಸರಾದ ಇಮ್ಮಡಿ ಇಬ್ರಾಹಿಂ. ಇಬ್ರಾಹಿಂ ರೋಜಾದಲ್ಲಿ ಮಲಗಿರುವುದು ಅವನೇ.

ಚಿಕ್ಕ ಮಕ್ಕಳಿಗೆ: "ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಅಂದರೆ ಏನು?" ಎಲ್ಲರೂ ತೋಪು ಅನ್ನುತ್ತಾರೆ. ಅದರ ಕೊನೆಯಲ್ಲಿರುವುದು ಕೊಂಬು. ಗುಡಿಸು ಬೇಕಲ್ಲ? ಸ್ವಲ್ಪ ತಲೆ ಕೆರೆದುಕೊಂಡು "ಫಿರಂಗಿ" ಅನ್ನುತ್ತಾರೆ, ಆಗ ನೋಡಬೇಕು ಅವರ ಮುಖ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್ ಅಂತ ಉತ್ತರದ ಜೊತೆ ಸೇರಿಸಿ ಹೇಳಿ.

1565ರ ಯುದ್ಧದ ಬಗ್ಗೆ ಕೇಳುವಾಗ ಮೇಲೆ ಹೇಳಿದ ತಾಳಿಕೋಟೆ, ತಾಳಿಕೋಟಿ ವಾದ ಎದ್ದೇಳುತ್ತದೆ. ಅದನ್ನು ದಾಟಲು ಸುಲಭದ ದಾರಿ ಇದೆ. "ಈ ಯುದ್ಧಕ್ಕೆ ಕೃಷ್ಣಾ ದಂಡೆಯ ಎರಡು ಹಳ್ಳಿಗಳ ಜೋಡಿ ಹೆಸರೂ ಇದೆ. ಮೊದಲನೆಯದು ರಕ್ಕಸಗಿ. ಎರಡನೆಯದು?" ತಂಗಡಗಿ. ಕೆಲವು ಪುಸ್ತಕಗಳಲ್ಲಿ ರಕ್ಕಸತಂಗಡಿ ಅಂತ ಇದೆ. ತಂಗಡಿ ಅಂದರೂ ಗುಡಿಸೇ, ಒಪ್ಪಿಕೊಳ್ಳಿ. ಮುದ್ದೇಬಿಹಾಳ ಕಡೆಯ ಮಕ್ಕಳಿದ್ದರೆ ಅವರಿಗೆ ಇದು ಮನೆಯ ಪ್ರಶ್ನೆ, ಬೇರೆ ತಂಡಕ್ಕೆ ಮೊದಲು ಹೋಗುವಂತೆ ನೋಡಿಕೊಳ್ಳಿ.

ಆಮೇಲೆ ಇದೊಂದನ್ನು ಬಿಡಲೇಬೇಡಿ: "ವಕೀಲರಾಗಿ ವಿಜಯಪುರದಲ್ಲಿ ನೆಲೆಸಿದರು. ಮನೆ ಮನೆ ತಿರುಗಿ ವಚನಗಳ ತಾಳೆಗರಿ ಕೂಡಿಸಿದರು. ಹಿತಚಿಂತಕ ಮುದ್ರಣಾಲಯ ನಡೆಸಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಯಾರು?" ಫ. ಗು. ಹಳಕಟ್ಟಿ. ಇವತ್ತು ನಾವು ವಚನ ಅಂತ ಓದುವುದರಲ್ಲಿ ಎಷ್ಟೋ ಇವರ ಕೈ ದಾಟಿ ಬಂದದ್ದು. ಅದೇ ಊರಿನಲ್ಲಿ ಬೆಳೆಯುವ ಮಕ್ಕಳಿಗೆ ಇದು ಗೊತ್ತಿರಲೇಬೇಕು ಅಂತ ನನ್ನ ಹಟ. ಬಸವಣ್ಣನ ಊರು ಬಾಗೇವಾಡಿ ಬಹಳ ಸುಲಭ. ಮೊದಲ ಪ್ರಶ್ನೆಯಾಗಿ ಧೈರ್ಯ ತುಂಬಲು ಇಟ್ಟುಕೊಳ್ಳಿ. "ಆಲಮಟ್ಟಿ ಜಲಾಶಯಕ್ಕೆ ಯಾರ ಹೆಸರಿದೆ?" ಲಾಲ್ ಬಹಾದ್ದೂರ್ ಶಾಸ್ತ್ರಿ.

ಬೆಳಗಾವಿ, ಮತ್ತೆ ಸ್ವಲ್ಪ ಮುಧೋಳ

ಚೆನ್ನಮ್ಮನ ಬಗ್ಗೆ ಕೇಳದೆ ಇರಲಾಗುವುದಿಲ್ಲ, ಆದರೆ ಹೆಸರು ಗುಡಿಸಿನದಲ್ಲ. ಹಾಗಾಗಿ ಊರು ಕೇಳಿ: "1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ. ಆ ಯುದ್ಧ ನಡೆಸಿದ ರಾಣಿಯ ತವರು, ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೊರಟರೆ ಹತ್ತಿರದಲ್ಲೇ ಸಿಗುವ ಊರು ಯಾವುದು?" ಕಾಕತಿ. ರಾಯಣ್ಣನ ಬಗ್ಗೆ ಕೇಳುವಾಗ "1831ರಲ್ಲಿ ಗಲ್ಲಿಗೇರಿಸಿದ ಊರು" ಅಂದರೆ ನಂದಗಡ, ಗುಡಿಸು ಇಲ್ಲ. "ನಂದಗಡದಲ್ಲಿ ಗಲ್ಲಿಗೇರಿದ ವೀರನ ಹುಟ್ಟೂರು" ಅಂದರೆ ಸಂಗೊಳ್ಳಿ. ಒಂದು ಪದ ತಿರುಗಿಸಿದರೆ ಉತ್ತರ ಬದಲಾಗುತ್ತದೆ.

"1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಬಂದ ಜನರ ನೀರಿಗಾಗಿ ತಿಲಕವಾಡಿಯಲ್ಲಿ ಒಂದನ್ನು ತೋಡಿಸಿದರು, ಅದು ಈಗಲೂ ಆ ಅಧಿವೇಶನದ ನೆನಪು. ಏನದು?" ಬಾವಿ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಎಲ್ಲರೂ "ಗಾಂಧೀಜಿ" ಅಂತ ಬರೆಯಲು ಕಾದಿರುತ್ತಾರೆ, ಪ್ರಶ್ನೆ ಬಾವಿಗೆ ಬಂದು ನಿಂತಾಗ ಎಲ್ಲರೂ ತಲೆಯೆತ್ತಿ ನೋಡುತ್ತಾರೆ.

ಒಂದು ಸುತ್ತನ್ನು "ಹಲ" ಅಂತ ಶುರುವಾಗುವ ಊರುಗಳಿಗೇ ಇಡಬಹುದು. ಕದಂಬರ ಶಾಸನಗಳಲ್ಲಿ ಪಲಾಶಿಕ ಅಂತ ಕರೆದ, ಖಾನಾಪುರ ತಾಲೂಕಿನ ಊರು ಹಲಸಿ. 1857ರಲ್ಲಿ ಆಯುಧ ಒಪ್ಪಿಸಿ ಅಂದ ಕಾನೂನಿಗೆ ಬಗ್ಗದೆ ಬೇಡರು ಬಂಡೆದ್ದ, ಮುಧೋಳ ಸೀಮೆಯ ಊರು ಹಲಗಲಿ. ಹಾಸನ ಜಿಲ್ಲೆಯ ಹಳೆಯ ಕನ್ನಡ ಶಾಸನದ ಊರು ಹಲ್ಮಿಡಿ. ಮೂರೂ ಒಂದೇ ತರಹ ಕೇಳುತ್ತವೆ, ಮೂರೂ ಗುಡಿಸಿನವು, ಮಕ್ಕಳು ಗಲಿಬಿಲಿ ಆಗುತ್ತಾರೆ. ಹಲಗಲಿ ಬಂದಾಗ ಅದರ ಮೇಲಿನ ಹಾಡಿನ ಪ್ರಕಾರವನ್ನೂ ಕೇಳಿ: ಲಾವಣಿ. ಆ ಲಾವಣಿಯನ್ನು ಅಚ್ಚು ಮಾಡಿಸಿದ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬನೇ ನಮ್ಮ ಭಾಗದ ಎಷ್ಟೋ ಚಾಲುಕ್ಯ ಶಾಸನಗಳನ್ನೂ ಓದಿ ಪ್ರಕಟಿಸಿದವನು. ಹಾಡಲು ಬರುವ ಹಿರಿಯರು ಸಿಕ್ಕರೆ ನಾಲ್ಕು ಸಾಲು ಹಾಡಿಸಿ. ರಟ್ಟರ ರಾಜಧಾನಿ ಸವದತ್ತಿ, ಅದರ ಹಳೆಯ ಹೆಸರು ಸುಗಂಧವರ್ತಿ. ಇವೆರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ.

ಐದನೇ ಹಂತ: ತಾಳೆ ನೋಡುವುದು

ಪ್ರತಿ ಉತ್ತರವನ್ನೂ ಕನಿಷ್ಠ ಎರಡು ಕಡೆ ತಾಳೆ ನೋಡಿ, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಒಂದೂ ಲೆಕ್ಕಕ್ಕಿಲ್ಲ. "ಮೊದಲ", "ಅತಿ ದೊಡ್ಡ", "ಏಕೈಕ" ಅನ್ನುವ ಪದ ಪ್ರಶ್ನೆಯಲ್ಲಿ ಬಂದರೆ ಅಲ್ಲೇ ನಿಲ್ಲಿ. ಹಲ್ಮಿಡಿ ಶಾಸನ ಮೊದಲನೆಯದು ಅಂತ ನಾವೆಲ್ಲ ಓದಿದ್ದೇವೆ. ಈಗ ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದು ಅನ್ನುವ ವಾದ ಇದೆ. ಹಾಗಾಗಿ ಹಲ್ಮಿಡಿಯನ್ನು "ಹಳೆಯ" ಅನ್ನಿ, "ಮೊದಲ" ಅನ್ನಬೇಡಿ. ಗೋಲಗುಂಬಜದ ಗುಮ್ಮಟ ಸುಮಾರು 44 ಮೀಟರ್ ಅಗಲ. ಅಷ್ಟು ಹೇಳಿದರೆ ಸಾಕು, ಜಗತ್ತಿನಲ್ಲಿ ಎಷ್ಟನೆಯದು ಅನ್ನುವ ಲೆಕ್ಕ ಬೇಡ. ಹುಟ್ಟಿದ ವರ್ಷಗಳು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ. ಯುದ್ಧದ ದಿನ, ಶಾಸನದ ಶಕ ವರ್ಷ ಇವನ್ನು ನಂಬಬಹುದು.

ಆರನೇ ಹಂತ: ನಡೆಸುವುದು

ಗಂಟೆ ಬಾರಿಸುವ ಪದ್ಧತಿ ಈ ಕ್ವಿಜ್‌ಗೆ ಬೇಡ. ಪ್ರತಿ ತಂಡಕ್ಕೂ ಒಂದು ಪಾಟಿ, ಒಂದು ಬಳಪ ಕೊಡಿ. ಪ್ರಶ್ನೆಯನ್ನು ಎರಡು ಸಲ ನಿಧಾನಕ್ಕೆ ಓದಿ, ಅರ್ಧ ನಿಮಿಷ ಬಿಡಿ, ಎಲ್ಲರೂ ಒಟ್ಟಿಗೆ ಪಾಟಿ ಎತ್ತಬೇಕು. ಬರೆದರೆ ಕೊನೆಯ ಅಕ್ಷರ ಕಣ್ಣಿಗೆ ಕಾಣುತ್ತದೆ, ಐಹೊಳಿ ವಾದಕ್ಕೆ ಜಾಗ ಇರುವುದಿಲ್ಲ, ಮಾತು ಕಡಿಮೆಯ ಮಗುವೂ ತಂಡದಲ್ಲಿ ಪಾಲುಗೊಳ್ಳುತ್ತದೆ. ಸರಿ ಉತ್ತರಕ್ಕೆ 10 ಅಂಕ. ಉತ್ತರ ತಪ್ಪಾದರೂ ಗುಡಿಸಿನಲ್ಲಿ ಮುಗಿದು, ಅದೇ ಕಾಲಕ್ಕೋ ಅದೇ ರಾಜಮನೆತನಕ್ಕೋ ಸೇರಿದ್ದರೆ 3 ಅಂಕ ಕೊಡಿ. ಭಾರವಿಯ ಬದಲು ರವಿಕೀರ್ತಿ ಬರೆದವರು ಈ 3 ಅಂಕಕ್ಕೆ ಅರ್ಹರು. ತಪ್ಪಿಗೆ ಅಂಕ ಕಳೆಯಬೇಡಿ, ಕಳೆದರೆ ಮಕ್ಕಳು ಬರೆಯುವುದನ್ನೇ ನಿಲ್ಲಿಸುತ್ತಾರೆ.

ಒಂದು ತಂಡಕ್ಕೆ ಮೂವರು, ಒಟ್ಟು ಇಪ್ಪತ್ತು ಪ್ರಶ್ನೆ, ಒಂದು ಗಂಟೆ. ಮೂರು ಜಿಲ್ಲೆಯ ಪ್ರಶ್ನೆಗಳನ್ನೂ ಬೆರೆಸಿ ಇಡಿ. ಉತ್ತರ ಹೇಳಿದ ಮೇಲೆ ಅದರ ಬಗ್ಗೆ ಎರಡೇ ಮಾತು ಹೇಳಿ, ಭಾಷಣ ಬೇಡ. ಬಹುಮಾನಕ್ಕೆ ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಕಪ್ ಬಿಟ್ಟು ಗೆದ್ದ ತಂಡವನ್ನು ಒಂದು ರವಿವಾರ ಬಾದಾಮಿಗೋ ಐಹೊಳೆಗೋ ಕರೆದುಕೊಂಡು ಹೋಗುವ ಏರ್ಪಾಡು ಮಾಡಿ. ಮೇಗುತಿಯ ಗುಡ್ಡ ಹತ್ತಿಸಿ, ಆ ಗೋಡೆಯ ಮುಂದೆ ನಿಲ್ಲಿಸಿ.

ಕೊನೆಯಲ್ಲಿ ಎರಡು ತಂಡ ಸಮ ಸಮ ಆದರೆ ಹೊಸ ಪ್ರಶ್ನೆ ಹುಡುಕಬೇಕಿಲ್ಲ. ಎರಡು ನಿಮಿಷ ಸಮಯ ಕೊಟ್ಟು, ಪಾಟಿಯ ಮೇಲೆ ಗುಡಿಸಿನಲ್ಲಿ ಮುಗಿಯುವ, ಆವತ್ತಿನ ಕ್ವಿಜ್‌ನಲ್ಲಿ ಬರದ, ಇತಿಹಾಸಕ್ಕೆ ಸಂಬಂಧಪಟ್ಟ ಹೆಸರುಗಳನ್ನು ಎಷ್ಟಾಗುತ್ತೋ ಅಷ್ಟು ಬರೆಯಲು ಹೇಳಿ. ಬರೆದ ಪ್ರತಿ ಹೆಸರಿಗೂ ಯಾಕೆ ಅಂತ ಒಂದು ವಾಕ್ಯದಲ್ಲಿ ಹೇಳಬೇಕು. ಬನಶಂಕರಿ ಅಂತ ಬರೆದು ಜಾತ್ರೆ ಅಂದರೆ ಸಾಲದು, ಚಾಲುಕ್ಯರ ಹೆಸರು ಬರಬೇಕು. ಜಮಖಂಡಿ ಅಂತ ಬರೆದರೆ ಪಟವರ್ಧನರ ಸಂಸ್ಥಾನ ಅಂತ ಬರಬೇಕು. ಹೇಳಲು ಬಾರದ ಹೆಸರನ್ನು ಅಲ್ಲೇ ಅಳಿಸಿ, ಉಳಿದದ್ದನ್ನು ಎಣಿಸಿ.